ಬಚ್ಚಲಿಗೆ ಬಂದ ತಾಮ್ರದ ಬಂಬ

ನಾನಿನ್ನೂ ಫ್ರಾಕ್ ಹಾಕುತ್ತಿದ್ದ ಕಾಲದಲ್ಲಿ ಬಿಸಿನೀರಿಗೂ ಒಂದು ಹಬ್ಬವಿತ್ತು. ದೀಪಾವಳಿಯ ಮೊದಲ ಸಂಜೆ ನೀರು ತುಂಬುವ ಹಬ್ಬ. ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಹಿಂಡಲಬಳ್ಳಿ ಕಟ್ಟುವುದು. ಮೊದಲ ಕೊಡ ನೀರು ಮನೆಯ ಹಿರಿಯಳೇ ಸುರಿಯಬೇಕು. ಮರುದಿನ ನಸುಕಿನಲ್ಲಿ ಅದೇ ನೀರಿನಿಂದ ಎಣ್ಣೆಸ್ನಾನ.

ಬನಹಟ್ಟಿಯಲ್ಲಿ ನಮ್ಮದು ಪುಟ್ಟ ಮನೆ. ಮುಂದಿನ ಖೋಲಿಯ ತುಂಬ ಮಗ್ಗ. ಹಿಂದೆ ಅಡಿಗೆಮನೆ, ಅದರ ಮೂಲೆಯಲ್ಲಿ ಬಚ್ಚಲು. ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬಂದಾಗ ಮೊದಲು ನೂಲಿಗೆ ಹಚ್ಚಿದ ಗಂಜಿಯ ವಾಸನೆ, ಆಮೇಲೆ ಹಂಡೆಯ ಹೊಗೆ. ಆ ಹಂಡೆ ತಳ ಸೋರತೊಡಗಿ ತನ್ನ ಒಲೆಯನ್ನು ತಾನೇ ಆರಿಸುತ್ತಿತ್ತು. ಊದಿ ಊದಿ ಅವ್ವನ ಕಣ್ಣು ಸದಾ ಕೆಂಪು. ಅದಕ್ಕೇ ಆ ವರ್ಷ ಅಪ್ಪ ಮಹಾಲಿಂಗಪುರದಿಂದ ಬಸ್ಸಿನ ಮೇಲೆ ಹೇರಿಕೊಂಡು ನೀರು ಕಾಯಿಸುವ ತಾಮ್ರದ ಬಂಬ ತಂದ. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ಕೆಳಗೆ ಹಿತ್ತಾಳೆಯ ನಳ. ಹಾಸ್ಟೆಲಿನಲ್ಲಿ ಅಂಥದ್ದೇ ಇತ್ತು, ಹಾಗಾಗಿ ನಾನೇ ಎಕ್ಸ್‌ಪರ್ಟ್. ಓಣಿಯ ಹುಡುಗಿಯರನ್ನೆಲ್ಲ ಕರೆದು ನಳ ತಿರುಗಿಸಿ ಡೆಮಾನ್‌ಸ್ಟ್ರೇಷನ್ ಕೊಟ್ಟಿದ್ದೇ ಕೊಟ್ಟಿದ್ದು.

ಸಂಜೆ ಹಂಡೆ ಹಿತ್ತಲಿಗೆ ಹೋಯಿತು. ಆಯಿ, ಅಂದರೆ ಅಪ್ಪನ ತಾಯಿ, ಬಂಬಕ್ಕೆ ಪಟ್ಟೆ ಬರೆದು, ಬಳ್ಳಿ ಕಟ್ಟಿ, ಆರತಿ ಬೆಳಗಿದಳು. ನಾನು ಬಾಯಿ ಬಿಡುವಷ್ಟರಲ್ಲಿ ಕೊಡವೆತ್ತಿ, ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಬಾಯಿಗೆ ಸುರಿದೇಬಿಟ್ಟಳು. ಅದು ಹೊಗೆ ಹೋಗುವ ಚಿಮಣಿ! ನೀರು ಕೊಳವೆಯೊಳಗೆ ನೇರ ಇಳಿದು, ಅವ್ವ ಬೆಳಗಿಗೆಂದು ಒಟ್ಟಿದ್ದ ಸಗಣಿಯ ಕುಳ್ಳು ತೋಯಿಸಿ, ಎಲ್ಲರ ಕಾಲ ಮೇಲೆ ಹರಿಯಿತು.

ಹುಡುಗಿಯರು ಕಿಸಕ್ಕನೆ ನಕ್ಕರು. ಆಯಿ ನಗಲಿಲ್ಲ. ಹಬ್ಬದ ನೀರು ನಿಲ್ಲದ ಪಾತ್ರೆ ತನ್ನ ಮನೆಯಲ್ಲಿರಬಾರದು, ಬಂಬ ಹಿಂದಕ್ಕೆ ಹೋಗಲಿ, ಸೋರಿದರೂ ಹಂಡೆಯೇ ಬರಲಿ ಎಂದಳು. ಅಪ್ಪ ತಾಯಿಗೆ ಎದುರಾಡುವವನಲ್ಲ. ಹಂಡೆ ತರಲು ಹಿತ್ತಲ ಬಾಗಿಲಿಗೆ ಹೊರಟೇಬಿಟ್ಟ. ನಾನು ನಡುವೆ ಬಾಯಿ ಹಾಕಿದೆ.

“ಆಯೀ, ಅದು ಹೊಗಿ ಹೋಗೂ ದಾರಿ. ನೀರಿನ ಬಾಯಿ ಮಗ್ಗಲಕ ಐತಿ, ಆ ಮುಚ್ಚಳದ ಕೆಳಗ.”

“ಹೌದೇನಬೇ? ಇದನ್ನ ಕಲಿಯಾಕ ನಿನ್ನ ಬೆಳಗಾವಿಗೆ ಕಳಿಸೇವೇನು?”

ಅತ್ತೆಯ ಮುಂದೆ ಎಂದೂ ಮಾತಾಡದ ಅವ್ವ ಅಂದು ಇನ್ನೊಂದು ಕೊಡ ತುಂಬಿ ತಂದು ಆಯಿಯ ಮುಂದಿಟ್ಟಳು. “ಅತ್ತಿ, ಹುಡುಗಿ ಹೇಳಿದಂಗ ಒಮ್ಮೆ ಹಾಕಿ ನೋಡ್ರಿ. ನನ್ನ ಕಣ್ಣಿಗೆ ಆ ಹೊಗಿ ಸಾಕಾಗೇತ್ರಿ.”

ಆಯಿ ಸೊಸೆಯ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿದಳು. ಸೆರಗು ಸಿಕ್ಕಿಸಿಕೊಂಡು, ನಾನು ತೋರಿಸಿದ ಬಾಯಿಗೆ ಸುರಿದಳು. ಎಲ್ಲರೂ ಬಗ್ಗಿ ಬಂಬದ ಅಡಿ ನೋಡಿದೆವು. ಒಂದು ಹನಿ ಬಿತ್ತು. ಇನ್ನೊಂದು ಬೀಳಲಿಲ್ಲ, ಅದು ಕೊಳವೆಯಲ್ಲಿ ಉಳಿದಿದ್ದ ಮೊದಲಿನ ನೀರು. ಆಯಿ ಮತ್ತೊಂದು ಕೊಡ ಕೇಳಿದಳು. ಆಮೇಲೆ ಮಗದೊಂದು.

ನಸುಕಿನಲ್ಲಿ ಬಂಬ ಗುಂಯ್ಗುಡುತ್ತಿತ್ತು. ಕಾವಿಗೆ ಬಾಡಿದ ಬಳ್ಳಿಯ ಹಸಿ ವಾಸನೆ, ನೆತ್ತಿಯಿಂದ ಇಳಿಯುವ ಎಣ್ಣೆ. ಮೊದಲ ಸ್ನಾನ ಅಪ್ಪನ ಹಕ್ಕು, ಆದರೆ ಆಯಿ ಅವನನ್ನು ತಡೆದಳು. “ಮೊದಲ ಇಕಿ ಹೋಗಲಿ. ಸುಟ್ರ ಇಕಿಗೇ ಸುಡಲಿ.”

ನಳ ತಿರುಗಿಸಿದೆ. ಬಾಗಿಲಾಚೆ ಇಡೀ ಮನೆ ನಿಂತಿತ್ತು. ನೀರು ಹೆಂಗ ಅದಾವು ಎಂದು ಆಯಿ ಕೇಳಿದಳು. ಬೇಕಂತಲೇ ಸುಮ್ಮನಿದ್ದೆ. ಮತ್ತೆ ಕೇಳಿದಳು, ಈ ಸಲ ದನಿಯಲ್ಲಿ ಗಾಬರಿ. “ಛಲೋ ಅದಾವ, ಆಯೀ,” ಎಂದೆ. ಹೊರಗೆ ಅವ್ವ ನಕ್ಕದ್ದು ಕೇಳಿಸಿತು.

ಹೋದ ತಿಂಗಳು, ನಾನೀಗ ಇರುವ ಮಗಳ ಮನೆಯಲ್ಲಿ ಗೀಸರ್ ಕೆಟ್ಟಿತು. ಮೆಕ್ಯಾನಿಕ್ ಬಂದು ಅರ್ಧ ತಾಸಿನಲ್ಲಿ ಹೊಸದು ಕೂರಿಸಿ ಹೋದ. ವೆರಿ ಎಫಿಶಿಯೆಂಟ್. ಮನೆಯಲ್ಲಿ ಐದು ಮಂದಿ ಇದ್ದೇವೆ, ಒಬ್ಬರೂ ಎದ್ದು ಹೋಗಿ ನೋಡಲಿಲ್ಲ. ಮರುದಿನ ಮೊದಲು ಮಿಂದವಳು ನಾನೇ. ನೀರು ಹದವಾಗಿ ಕಾದಿತ್ತು. ನಳ ನಿಲ್ಲಿಸಿ, ಸ್ವಲ್ಪ ಹೊತ್ತು ಬಾಗಿಲ ಕಡೆ ಕಿವಿಗೊಟ್ಟು ನಿಂತೆ.