ಗುಡಿಸದೆ ಬಿಟ್ಟು ಬಂದ ಮನೆ

ಜೂನ್ ಹದಿನಾಲ್ಕು, ಭಾನುವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಮಗ ಈಗಷ್ಟೇ ಮಲಗಿದ್ದಾನೆ. ಅವನು ಏಳುವುದರೊಳಗೆ ಮುಗಿಸಬೇಕು.

ಏಪ್ರಿಲ್ ಇಪ್ಪತ್ತೈದರಿಂದ ಮೇ ಒಂಬತ್ತರವರೆಗೆ, ಹದಿನಾಲ್ಕು ರಾತ್ರಿ, ನಾವು ನೆದರ್‌ಲ್ಯಾಂಡ್ಸಿನ ಒಂದು ಸಣ್ಣ ಊರಿನಲ್ಲಿ ಬೇರೆಯವರ ಮನೆಯಲ್ಲಿದ್ದೆವು. ಆ ಮನೆಯವರು ಅದೇ ಹದಿನಾಲ್ಕು ರಾತ್ರಿ ಪುತ್ತೂರಿನ ದರ್ಬೆಯ ನಮ್ಮ ಮನೆಯಲ್ಲಿದ್ದರು. ಬಾಡಿಗೆ ಇಲ್ಲ, ರಜೆಗೆ ಮನೆಗೆ ಮನೆ ಬದಲು. ನಾವು ಐದು ಜನ: ನಾನು, ಗಂಡ, ಎಂಟು ವರ್ಷದ ಮಗಳು, ಮೂರು ವರ್ಷದ ಮಗ, ಮತ್ತು ಅತ್ತೆ. ಅವರು ನಾಲ್ಕು ಜನ. ಅವರ ದೊಡ್ಡ ಮಗಳಿಗೆ ಒಂಬತ್ತು.

ಆ ಹದಿನಾಲ್ಕು ದಿನಗಳ ಡೈರಿಯಲ್ಲಿ ‘ಸುಸ್ತು’ ಎಂಬ ಪದ ಹನ್ನೊಂದು ಸಲ ಇದೆ. ಮನೆಯ ಮೆಟ್ಟಿಲು ಹದಿನೈದು, ಏಣಿಯಷ್ಟೇ ಕಡಿದು. ಮಗನನ್ನು ಎತ್ತಿಕೊಂಡು ದಿನಕ್ಕೆ ಎಂಟೊಂಬತ್ತು ಸಲ ಹತ್ತಿಳಿಯಬೇಕು. ಸಂಜೆ ಒಂಬತ್ತಾದರೂ ಬೆಳಕು. ಪರದೆ ಎಳೆದರೆ ಅವನು ಸರಿಸಿ ನೋಡುತ್ತಿದ್ದ. “ಇನ್ನೂ ಹಗಲು ಉಂಟಲ್ಲ, ಎಂತಕ್ಕೆ ಮಲಗುದು?” ನಾನು ಮತ್ತೆ ಪರದೆ ಎಳೆಯುತ್ತಿದ್ದೆ.

ಮಗಳು ಮಾತ್ರ ದಣಿಯಲಿಲ್ಲ. ಅವಳು ಮಲಗುತ್ತಿದ್ದದ್ದು ಆ ಮನೆಯ ದೊಡ್ಡ ಹುಡುಗಿಯ ಕೋಣೆಯಲ್ಲಿ, ಆ ಹುಡುಗಿ ಇವಳದರಲ್ಲಿ. ಎರಡನೇ ದಿನ ಇವಳು ಶಾಲೆಯ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದು, ಫೋಟೊ ತೆಗೆದು ನನ್ನ ಫೋನಿನಿಂದ ಕಳಿಸಿದಳು. ಮರುದಿನ ಅಲ್ಲಿಂದ ಉತ್ತರ ಬಂತು: ‘ನಿನ್ನ ಫ್ಯಾನು ಟಕ್ ಟಕ್ ಎನ್ನುತ್ತದೆ. ಎಣಿಸುತ್ತಾ ಮಲಗುತ್ತೇನೆ.’ ಹೀಗೆ ಹೋದದ್ದು ಹನ್ನೆರಡು, ಬಂದದ್ದು ಹನ್ನೆರಡು. ಮೇ ಎಂಟರ ಕೊನೆಯ ಪತ್ರದಲ್ಲಿ ಆ ಹುಡುಗಿ, ಮುಂದಿನ ಸಲ ಬದಲು ಬೇಡ, ನೀವು ಮನೆಯಲ್ಲಿರುವಾಗಲೇ ನಾವು ಬರುತ್ತೇವೆ, ಅಮ್ಮ ಒಪ್ಪಿದ್ದಾಳೆ ಎಂದು ಬರೆದಿದ್ದಳು. ಇಬ್ಬರೂ ಒಮ್ಮೆಯೂ ಎದುರೆದುರು ನಿಂತವರಲ್ಲ.

ಹೊರಡುವ ದಿನಕ್ಕೆ ಆ ಮನೆಯವರು ಕೆಲಸಗಳ ಪಟ್ಟಿ ಬಿಟ್ಟುಹೋಗಿದ್ದರು, ಒಟ್ಟು ಹದಿನೇಳು. ನಾನು ಅದನ್ನು ಅದೇ ಕ್ರಮದಲ್ಲಿ ಪುಸ್ತಕಕ್ಕೆ ಬರೆದುಕೊಂಡು ಒಂದೊಂದಾಗಿ ಗುರುತು ಹಾಕುತ್ತಾ ಹೋದೆ. ಹದಿನೇಳನೆಯದು ನೆಲ. ಒಂಬತ್ತಕ್ಕೆ ಸರಿಯಾಗಿ ಟ್ಯಾಕ್ಸಿ ಬಂತು. ಅವರೇ ಗೊತ್ತುಮಾಡಿಕೊಟ್ಟದ್ದು, ಅವರ ಪರಿಚಯದ ಡ್ರೈವರು. ಬ್ಯಾಗುಗಳೂ ನಾವೂ ಒಟ್ಟಿಗೆ ಹಿಡಿಸುವ ಕಾರಲ್ಲ. ಬ್ಯಾಗು ಮತ್ತು ಮಗನ ಜೊತೆ ಗಂಡ ಮೊದಲು ಸ್ಟೇಷನ್ನಿಗೆ ಹೋದರು. ಕಾರು ತಿರುಗಿ ಬರಲು ಇಪ್ಪತ್ತು ನಿಮಿಷ ಬೇಕು. ಮೇಜಿನ ಕೆಳಗೆ ಮಗ ಬೆಳಿಗ್ಗೆ ಚೆಲ್ಲಿದ ಅವಲಕ್ಕಿ ಇತ್ತು. ನಾನು ಗುಡಿಸುವ ಮೆಷಿನು ಹೊರಗೆ ಎಳೆದೆ.

“ಎಂತ ಮಾಡುದು ನೀನು?” ಅತ್ತೆ ಕೇಳಿದರು.

“ಗುಡಿಸುದು ಒಂದು ಬಾಕಿ ಉಂಟು ಅತ್ತೆ.”

“ಗಂಡ, ಮಗ ಮೆಟ್ಟಿಲು ಇಳಿದು ಐದು ನಿಮಿಷ ಆಗ್ಲಿಲ್ಲ. ಇಡು ಅದನ್ನು.”

“ಇದು ಹಿಡಿಸೂಡಿ ಅಲ್ಲ, ಮೆಷಿನು.”

“ಮೆಷಿನಿಗೆ ಗೊತ್ತಿಲ್ಲ, ನಿನಗೆ ಗೊತ್ತಿಲ್ವಾ? ಹೊರಟವರ ಹಿಂದೆಯೇ ಗುಡಿಸುದು ಒಂದು ದಿವಸ ಮಾತ್ರ.”

“ಯಾವ ದಿವಸ ಅಜ್ಜಿ?” ಮಗಳು ಕೇಳಿದಳು. ಅಜ್ಜಿ ಹೇಳಲಿಲ್ಲ. ಮನೆಯಿಂದ ಹೆಣ ಎತ್ತಿದ ದಿನ ಎಂದು ನಾನೂ ಹೇಳಲಿಲ್ಲ. ಮೆಷಿನು ಅದರ ಮೂಲೆಗೆ ಹೋಯಿತು. ಬಗ್ಗಿ ಕೈಯಲ್ಲಾದರೂ ಹೆಕ್ಕೋಣವೆಂದರೆ ಅದಕ್ಕೂ ಅತ್ತೆ ಬಿಡಲಿಲ್ಲ. ಬಾಗಿಲು ಹಾಕಿ ಬಂದೆವು. ಆ ಪಟ್ಟಿಯಲ್ಲಿ ಗುರುತು ಬೀಳದ ಸಾಲು ಅದೊಂದೇ.

ಮರುದಿನ ದರ್ಬೆಗೆ ತಲುಪಿದಾಗ ನಮ್ಮ ಮನೆಯ ನೆಲ ಹೊಳೆಯುತ್ತಿತ್ತು. ಹಿಡಿಸೂಡಿ ತೊಳೆದು ಬಾಗಿಲ ಪಕ್ಕ ಒರಗಿಸಿದ್ದರು.

“ಆ ಹೆಂಗಸು ಗೇಟಿನವರೆಗೆ ಗುಡಿಸಿಯೇ ಹೋದದ್ದು ಮಾರಾಯ್ತಿ,” ಎಂದರು ಬೀಗದ ಕೈ ಕೊಟ್ಟ ಪಕ್ಕದ ಮನೆಯಕ್ಕ. “ಗಂಡ, ಮಕ್ಕಳು ಕಾರಲ್ಲಿ ಕೂತು ಕಾಯ್ತಾ ಇದ್ರು. ನಮ್ಮವರಿಗೆ ಉಂಟಾ ಅಷ್ಟು ಶಿಸ್ತು?”

ಅತ್ತೆ ಕಾಲು ತೊಳೆದು ಒಳಗೆ ಹೋಗಿ, ಕಾಫಿ ಕೇಳುವ ಮೊದಲು ದೀಪ ಹಚ್ಚಿದರು.

ಮೇ ಹನ್ನೊಂದಕ್ಕೆ ಅಲ್ಲಿಂದ ಸಂದೇಶ ಬಂತು. ನೆಲ ಗುಡಿಸಿರಲಿಲ್ಲ, ಮೇಜಿನ ಕೆಳಗೆ ತಿಂಡಿ ಬಿದ್ದಿತ್ತು, ನಿಮ್ಮ ಮನೆಯನ್ನು ನಾವು ಹಾಗೆ ಬಿಟ್ಟು ಬರಲಿಲ್ಲ, ಬೇಸರವಾಯಿತು. ಅಷ್ಟೇ. ನಾನು ಆಗ ಕಡಬದ ಬಸ್ಸಿನಲ್ಲಿ ನಿಂತಿದ್ದೆ. ನಾನು ಟೀಚರಾಗಿರುವ ಶಾಲೆ ಅಲ್ಲಿದೆ, ರಜೆಯಲ್ಲೂ ಯಾವುದೋ ಕಾಗದಪತ್ರದ ಕೆಲಸವಿತ್ತು. ಹೆಣದ ವಿಷಯವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು? ಕ್ಷಮಿಸಿ, ಟ್ಯಾಕ್ಸಿ ಬೇಗ ಬಂದುಬಿಟ್ಟಿತು ಎಂದು ಬರೆದೆ.

ಅವರ ಉತ್ತರ ಸಂಜೆ ಬಂತು. ‘ಡ್ರೈವರನ್ನು ಕೇಳಿದೆವು. ಅವನು ಹೇಳಿದ ಸಮಯಕ್ಕೇ ಬಂದಿದ್ದ. ಎರಡು ಸಲ ಬಂದಿದ್ದ.’

ಅಲ್ಲಿಗೆ ನಿಂತಿತು. ಆಮೇಲೆ ಮಗಳು ನಾಲ್ಕು ಪತ್ರ ಕಳಿಸಿದ್ದಾಳೆ. ಬಂದದ್ದು ಸೊನ್ನೆ. ಕೊನೆಯ ಪತ್ರ ಬಂದು ಇವತ್ತಿಗೆ ಮೂವತ್ತೇಳು ದಿನ. ಶಾಲೆಯಿಂದ ಬಂದು ಚೀಲ ಇಡುವ ಮೊದಲು ಅವಳು ನನ್ನ ಫೋನು ತೆಗೆದುಕೊಳ್ಳುತ್ತಾಳೆ. ಕಳೆದ ವಾರ, “ಅವಳಿಗೆ ಜ್ವರ ಇರ್ಬಹುದಾ ಅಮ್ಮ?” ಎಂದು ಕೇಳಿದಳು. ಇರಬಹುದು ಎಂದೆ. ಅದು ಎರಡನೇ ಸುಳ್ಳು.

ಇವತ್ತು ಬೆಳಿಗ್ಗೆ ಅವಳು ಐದನೇ ಪತ್ರ ಬರೆಯುತ್ತಿದ್ದಳು. ಅತ್ತೆ ತೊಂಡೆಕಾಯಿ ಕೊಚ್ಚುತ್ತಾ ನೋಡುತ್ತಿದ್ದವರು ನನ್ನ ಕಡೆ ತಿರುಗಿದರು.

“ನೀನು ಅವರಿಗೆ ನಿಜ ಹೇಳ್ಲಿಲ್ಲ ಅಲ್ವಾ?”

“ಅವರಿಗೆ ಅರ್ಥ ಆಗ್ಲಿಕ್ಕಿಲ್ಲ ಅತ್ತೆ.”

“ನಿನಗೆ ನಾಚಿಕೆ. ಅರ್ಥ ಆಗುದು ಬಿಡುದು ಅವರಿಗೆ ಬಿಟ್ಟದ್ದು. ಮುದುಕಿ ಬಿಡ್ಲಿಲ್ಲ ಅಂತ ಬರಿ. ನನ್ನ ಮೇಲೆಯೇ ಹಾಕು, ನನಗೆಂತ, ನಾನು ಅಲ್ಲಿಗೆ ಇನ್ನೊಮ್ಮೆ ಹೋಗ್ಲಿಕ್ಕುಂಟಾ?”

ಈಗ ಯೋಚಿಸಿದರೆ ಅತ್ತೆಯದು ತಪ್ಪಲ್ಲ. ಬ್ಯಾಗು ಹೊರಗಿಡುವ ಮೊದಲೇ ಗುಡಿಸಿದ್ದರೆ ಅವರು ತುಟಿಪಿಟಕ್ಕೆನ್ನುತ್ತಿರಲಿಲ್ಲ. ನಮ್ಮ ಮನೆಯಿಂದ ಹೊರಡುವಾಗ ಹಾಗೆಯೇ ಮಾಡಿದ್ದೆ. ಅಲ್ಲಿ ಪಟ್ಟಿಯ ಕ್ರಮ ಮುರಿಯಲು ಮನಸ್ಸು ಬರಲಿಲ್ಲ. ಹದಿನೇಳನೇ ಸಾಲನ್ನು ಮೇಲೆ ಎಲ್ಲಾದರೂ ಸೇರಿಸಿದ್ದರೆ ಸಾಕಿತ್ತು.

ಒಂದೂವರೆಗೆ ಎಲ್ಲವನ್ನೂ ಬರೆದು ಕಳಿಸಿದೆ. ಟ್ಯಾಕ್ಸಿ ಬೇಗ ಬಂದಿರಲಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದೆ. ಕೆಳಗೆ ಮಗಳ ಐದನೇ ಪತ್ರ. ಅಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ಓದಿದ ಗುರುತು ಬಿದ್ದಿದೆ, ಉತ್ತರ ಇಲ್ಲ. ಮಗಳು ಫೋನನ್ನು ಮಂಚದ ಮೇಲಿಟ್ಟು ಅದರ ಪಕ್ಕ ಮಲಗಿದ್ದಾಳೆ. ಫ್ಯಾನು ಟಕ್ ಟಕ್ ಎನ್ನುತ್ತಿದೆ.

ಮಕ್ಕಳನ್ನು ಕಟ್ಟಿಕೊಂಡು ಹೀಗೆ ಮನೆ ಬದಲಿಸಿ ಹೋದವರು ಈ ಕಡೆ, ಸುಳ್ಯದಲ್ಲೋ ಪುತ್ತೂರಿನಲ್ಲೋ, ಇನ್ನೂ ಇರಬಹುದು. ಹೊರಟವರ ಹಿಂದೆ ಯಾಕೆ ಗುಡಿಸುವುದಿಲ್ಲ ಎಂಬುದನ್ನು ನೀವು ಅಲ್ಲಿಯವರಿಗೆ ಯಾವ ಮಾತಿನಲ್ಲಿ ಹೇಳಿದಿರಿ, ಅವರು ಏನೆಂದರು, ದಯವಿಟ್ಟು ಬರೆದು ತಿಳಿಸಿ. ನಾನು ಬರೆದದ್ದು ಸಾಕಾಗದಿದ್ದರೆ ಆರನೇ ಪತ್ರದ ಜೊತೆ ಇನ್ನೊಮ್ಮೆ ಬರೆಯಬೇಕು.