ಕೌದಿಯ ಕೆಂಪು ನೋಟುಗಳು

ಬೀದರಿನ ಚಿದ್ರಿಯ ದೊರ್ಕಾ ಏಳನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಸೀಮೆಸುಣ್ಣಕ್ಕೆ ಮಸಿ ಹಚ್ಚಿ ನೀರಿನಲ್ಲಿ ನಿಲ್ಲಿಸಿ, ಕಪ್ಪಿನೊಳಗೆ ಅಡಗಿದ್ದ ನೀಲಿ, ನೇರಳೆಗಳನ್ನು ನನಗೆ ತೋರಿಸಿದವಳು. ದಾದಿಯಾಗಿದ್ದ ತಾಯಿ ಮಾರ್ಥಾ ಕಷ್ಟಪಟ್ಟು ಓದಿಸಿದರು. ಮಗಳು ಸರ್ಕಾರದ ಅಪರಾಧ ಪ್ರಯೋಗಾಲಯ ಸೇರಿ, ಬಟ್ಟೆ, ಕಾಗದಗಳ ಮೇಲಿನ ಕಲೆಗಳನ್ನು ಪರೀಕ್ಷಿಸುವುದರಲ್ಲೇ ಇಪ್ಪತ್ತು ವರ್ಷ ಕಳೆದಳು.

2015, ಮಳೆ ಕೈಕೊಟ್ಟ ಎರಡನೆಯ ವರ್ಷ. ಔರಾದ ತಾಲ್ಲೂಕಿನ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಚಿಂತಾಕಿಯ ಶೇವಂತಾಬಾಯಿ ಭಾಲ್ಕಿ ಕಡೆ ಕಬ್ಬು ಕಡಿಯಲು ಹೋಗಿದ್ದಳು. ಆಕೆ ಮರಳುವ ಹದಿನೈದು ದಿನ ಮೊದಲು ಭಾಲ್ಕಿಯಲ್ಲಿ ಒಂದು ಬ್ಯಾಂಕ್ ದರೋಡೆಯಾಯಿತು. ಕಳ್ಳರು ಪೆಟ್ಟಿಗೆ ಒಡೆದಾಗ ಕದ್ದ ನೋಟಿನ ಗುರುತಿಗೆಂದು ಒಳಗಿಟ್ಟಿದ್ದ ಕೆಂಪು ಬಣ್ಣ ಸಿಡಿದು ನೋಟುಗಳಿಗೆ ಹತ್ತಿತ್ತು. ಊರಿಗೆ ಮರಳುವಾಗ ಶೇವಂತಾಬಾಯಿ ಬೀದರಿನ ಪೇಟೆ ಗಾಂಧಿ ಗಂಜಿನಲ್ಲಿ ಜೋಳ ಕೊಳ್ಳಲು, ತುಂಡು ಅರಿವೆ ಕೂಡಿಸಿ ಹೊಲಿದ ತನ್ನ ಕೌದಿಯಿಂದ ಬಿಚ್ಚಿ ಕೊಟ್ಟ ಐನೂರರ ನೋಟು ಕೆಂಪಾಗಿತ್ತು. ಅಂಗಡಿಯವನು ಪೊಲೀಸರನ್ನು ಕರೆದ. ಅವರು ಕೌದಿ ಪೂರ್ತಿ ಬಿಚ್ಚಿದರೆ ಇನ್ನೂ ಹತ್ತು ಕೆಂಪು ನೋಟುಗಳು. ಆಕೆ ಜೈಲು ಸೇರಿದಳು.

ನೋಟುಗಳನ್ನು ದೊರ್ಕಾಳ ಬಳಿ ತಂದವರು ತನಿಖಾಧಿಕಾರಿ ನಿಜಾಮೋದ್ದೀನ.

"ಇದರಾಗ ನೋಡೂದೇನ ಅದರಿ ಮೇಡಂ? ಕೆಂಪಂದ್ರ ಕೆಂಪೇ."

"ಹಂಗಾದ್ರ ಕುಂಕುಮ ಹಚ್ಚಿದವ್ರೆಲ್ಲ ಕಳ್ಳರೇನ್ರಿ ಸಾಹೇಬ್ರ?"

ಹತ್ತು ನೋಟುಗಳ ಬಣ್ಣ ನೀರು ತಾಗಿದೊಡನೆ ಬಿಟ್ಟಿತು. ಅದು ಅಗ್ಗದ ಕೆಂಪು ಅರಿವೆಯ ಬಣ್ಣ. ಆದರೆ ಗಂಜಿನಲ್ಲಿ ಕೊಟ್ಟ ನೋಟಿನಲ್ಲಿ ಅರಿವೆಯ ಬಣ್ಣದ ಕೆಳಗೆ ಇನ್ನೊಂದು ಕೆಂಪಿತ್ತು. ಅದು ನೀರಿಗೆ ಜಗ್ಗಲಿಲ್ಲ. ಬ್ಯಾಂಕಿನದೇ. ವರದಿಯಲ್ಲಿ ಅದನ್ನು ಬರೆಯದೆ ಬಿಡುವಂತಿಲ್ಲ, ಅಷ್ಟೇ ಬರೆದರೆ ಹೆಂಗಸು ಹೊರಬರುವಂತಿಲ್ಲ.

ದೊರ್ಕಾ ಕೌದಿ ತರಿಸಿದಳು. ನೀರಿಗೆ ಬಿಟ್ಟ ಬಣ್ಣ ಅದರ ಹೊಸ ತುಂಡುಗಳದೇ, ಇಬ್ಬನಿಯಲ್ಲಿ ನೆನೆದು ಇಳಿದದ್ದು. ಕಬ್ಬಿಗೆ ಹೋದ ಶೇವಂತಾಬಾಯಿ ವಾರಕ್ಕೊಂದು ನೋಟು ಉಳಿಸಿ, ಕೌದಿಗೆ ಒಂದರ ಮೇಲೊಂದು ಹೊಸ ತುಂಡು ಹಚ್ಚಿ ಅದರೊಳಗೆ ಹೊಲಿದಿದ್ದಳು. ನಮ್ಮ ಕಡೆಯ ಹೆಂಗಸರ ಪದ್ಧತಿಯೇ ಅದು. ನೋಟಿನ ಅಂಚಿಗೆ ಸೂಜಿ ತಾಗಿರುತ್ತದೆ. ದೊರ್ಕಾ ಮೂರು ದಿನ ಕುಳಿತು ನೋಟುಗಳ ತೂತುಗಳನ್ನು ತುಂಡುಗಳ ತೂತುಗಳಿಗೆ ಹೊಂದಿಸಿದಳು. ಬ್ಯಾಂಕಿನ ನೋಟು ಎಲ್ಲಕ್ಕಿಂತ ಮೇಲಿನ ತುಂಡಿನದು, ಎಂದರೆ ಕೊನೆಯ ವಾರದ್ದು, ದರೋಡೆಯ ನಂತರ ಕೈಗೆ ಬಂದದ್ದು.

ಅಪ್ಪಣೆ ಪಡೆದು ಜೈಲಿಗೆ ಹೋಗಿ ಕೇಳಿದಳು: "ಕೊನೀ ವಾರದ ಪಗಾರ ಯಾರ ಕೊಟ್ರ ಯವ್ವಾ?"

"ನಮ್ಮ ಗುಂಪಿಗಿ ಕೆಲಸಕ್ಕ ಕರ್ಕೊಂಡ ಹೋದ ಮುಕಾದಮರಿ, ಮಾಣಿಕ. ಕೆಂಪ ಯಾಕ ಅದ ಅಂದೆ. ಪಾನ ಉಗುಳಿದ್ದು, ಬ್ಯಾಡಾದ್ರ ಬಿಡು ಅಂದ. ಪೊಲೀಸ್ರಿಗೂ ಹೇಳ್ದೆ, ನಂಬಲಿಲ್ರಿ."

ದೊರ್ಕಾ ಎರಡೂ ಕೆಂಪುಗಳನ್ನೂ, ಸೂಜಿಯ ತೂತುಗಳನ್ನೂ ವರದಿಯಲ್ಲಿ ಬರೆದಳು. ಮಾಣಿಕನ ಮನೆಯಲ್ಲಿ ಅಂಥವೇ ನೋಟುಗಳ ಕಟ್ಟು ಸಿಕ್ಕಿತು. ನಲವತ್ತು ದಿನಗಳ ಮೇಲೆ ಶೇವಂತಾಬಾಯಿಯ ಬಿಡುಗಡೆಯಾಯಿತು. ಬೀದರಿನ ಕೋರ್ಟಿನಲ್ಲಿ ನೋಟುಗಳನ್ನು ಮರಳಿಸುವಾಗ ದೊರ್ಕಾಳೂ ಇದ್ದಳು. ಶೇವಂತಾಬಾಯಿ ಎಣಿಸಿ ನೋಡಿದಳು.

"ಹತ್ತೇ ಅವಲ್ರಿ?"

"ಇನ್ನೊಂದು ಬ್ಯಾಂಕಿಂದು ಯವ್ವಾ. ಕೋರ್ಟ ಇಟ್ಕೊಂಡದ."

"ಆ ವಾರ ಕಬ್ಬ ಕಡ್ದಾಕಿ ನಾನೇ ಅಲ್ಲೇನ್ರಿ?"

ಶೇವಂತಾಬಾಯಿ ನೋಟುಗಳನ್ನು ಸೆರಗಿಗೆ ಗಂಟು ಹಾಕಿಕೊಂಡು, ಔರಾದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿ ಹೊರಟುಹೋದಳು.