ಕಿವಿರು ಎತ್ತಿ ತೋರಿಸಿದವರು

ಬೋಳಾರದಲ್ಲಿ ನಮಗೆ ಮೀನು ಮಾರುತ್ತಿದ್ದ ಹೆಂಗಸು ಪ್ರತಿ ಮೀನಿನ ಕಿವಿರು ಎತ್ತಿ, ತಾಜಾ ಮೀನಿನ ಕೆಂಪು ತೋರಿಸಿ, “ನೀವೇ ನೋಡಿ ಅಕ್ಕ” ಎನ್ನುತ್ತಿದ್ದರು. ನೋಡದೆ ಕೊಂಡರೆ ಅವರಿಗೆ ಸಿಟ್ಟು ಬರುತ್ತಿತ್ತು.

ಕಡಲು ಬಿಸಿಯಾಗುತ್ತಿರುವ ಬಗ್ಗೆ ನಮ್ಮ ಪರಿಸರ ಬಳಗ ಮಣ್ಣಗುಡ್ಡದಲ್ಲಿ ಸಭೆ ಇಟ್ಟಾಗ ಅವರನ್ನೂ ಕರೆದೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ಅದು ಊರಿಗೆ ಊರೇ ಮೀನಿಗೆ ಬರುವ ಹೊತ್ತು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆದರೂ ಅವರು ವ್ಯಾಪಾರವನ್ನು ತಂಗಿಗೆ ಒಪ್ಪಿಸಿ ಬಂದರು. ಪರದೆಯ ಮೇಲೆ ನಕ್ಷೆಗಳು, ಭಾಷಣಕಾರರ ಮಾತೆಲ್ಲ ಇಂಗ್ಲಿಷಿನಲ್ಲಿ.

“ಎಂತ ಹೇಳಿದ್ದು ಅವರು?” ಎಂದು ನನ್ನನ್ನು ಕೇಳಿದರು.

“ಬೂತಾಯಿ ಮೀನು ಕಡಿಮೆಯಾಗ್ತಾ ಉಂಟಂತೆ” ಎಂದೆ.

ಅವರು ಎದ್ದು ನಿಂತರು. “ಅದು ನಮಗೆ ಗೊತ್ತುಂಟು. ನೀವು ಒಮ್ಮೆಯಾದರೂ ದೋಣಿ ಬರುವ ಹೊತ್ತಿಗೆ ದಕ್ಕೆಗೆ ಬಂದು ನಮ್ಮ ಬುಟ್ಟಿ ನೋಡಿದ್ದೀರಾ?”

ಅಧ್ಯಕ್ಷರು ಗಡಿಯಾರ ನೋಡಿ, ಪ್ರಶ್ನೆಗಳು ಕೊನೆಯಲ್ಲಿ ಎಂದರು. ಕೊನೆಯಲ್ಲಿ ಇದ್ದದ್ದು ಫೋಟೊ. ಅದಕ್ಕೆ ಮಾತ್ರ ಅವರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು.

ನಮಗೆ ನಾಚಿಕೆ ಎಂಬುದಿದ್ದರೆ ಮರುದಿನವೇ ದಕ್ಕೆಗೆ ಹೋಗಬೇಕಿತ್ತು. ನಾವು ಇನ್ನೊಂದು ಸಭೆ ಇಟ್ಟೆವು. ವಿಷಯ, ‘ಮೀನುಗಾರರು ನಮ್ಮ ಜೊತೆ ಯಾಕೆ ಬರುವುದಿಲ್ಲ?’ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.